ಅಮ್ಮ ಹಿಡಿಯುತ್ತಿದ್ದ ಸ್ವರ

ಸಾಂಟಾ ಕ್ಲಾರಾದ ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಇರಲಿಲ್ಲ. ಬಂದವರೆಲ್ಲ ಮೊದಲು ನೋಡುತ್ತಿದ್ದುದು ಅದನ್ನೇ. ಸೋಫಾ ಗ್ಯಾರೇಜಿಗೆ ಹೋಗಿತ್ತು, ಗ್ಯಾರೇಜಿನಲ್ಲಿ ಇರಬೇಕಾದ ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತಿತ್ತು. ಸೋಫಾದ ಜಾಗದಲ್ಲಿ ಅಪ್ಪನೇ ಮಾಡಿದ್ದ ಎದೆಯೆತ್ತರದ ಮರದ ಸ್ಟ್ಯಾಂಡು, ಅದರ ಮೇಲೆ ಮೇಜಿನಷ್ಟು ಅಗಲದ ಒಂದು ಹಾಳೆ. ಹಾಳೆಯ ಒಂದು ಮೂಲೆಯಲ್ಲಿ ಒಬ್ಬರ ಹಾಡು, ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬರದು. ಬೇರೆ ಕನ್ನಡದವರ ಮನೆಗಳಲ್ಲಿ ಭಾನುವಾರ ಸಂಜೆ ಕ್ರಿಕೆಟ್ಟೋ ಕನ್ನಡ ಕೂಟದ ನಾಟಕದ ರಿಹರ್ಸಲ್ಲೋ ನಡೆಯುತ್ತಿದ್ದರೆ, ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಆ ಹಾಳೆಯ ಮುಂದೆ ಒತ್ತಾಗಿ ನಿಂತು, ಯೂರೋಪಿನಲ್ಲಿ ಯಾವತ್ತೋ ಸತ್ತುಹೋದ ಪಾದ್ರಿಗಳ ಹಾಡನ್ನು ನಮಗೆ ಒಂದಕ್ಷರವೂ ಅರ್ಥವಾಗದ ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದೆವು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂತ ನಾನು ಬಹಳ ದಿನ ನಂಬಿದ್ದೆ. ಹಾಗಿಲ್ಲ ಅಂತ ಗೊತ್ತಾದಾಗ ನಾಚಿಕೆಯಾಯಿತು. ಈಗ ಆ ನಾಚಿಕೆಯನ್ನು ನೆನೆದರೇ ನಾಚಿಕೆಯಾಗುತ್ತದೆ, ಯಾಕೆಂದರೆ ಆ ಹಾಲ್‌ನಲ್ಲಿ ನಾವು ನಾಲ್ವರೂ ಚೆನ್ನಾಗಿದ್ದ ಕಾಲ ಅಂತ ಇದ್ದದ್ದು ಅದೊಂದೇ.

ಈ ಹುಚ್ಚು ಹಿಡಿದದ್ದು ಅಪ್ಪನಿಗೆ. ಹಾಸನದ ಕಡೆಯಿಂದ ಬಂದು ಇಲ್ಲಿ ಕಂಪ್ಯೂಟರ್ ಚಿಪ್ಪುಗಳ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಒಂದು ಮಧ್ಯಾಹ್ನ ಆಫೀಸಿನ ಹತ್ತಿರದ ಚರ್ಚಿನಲ್ಲಿ ಪುಕ್ಕಟೆ ಸಂಗೀತ ಇದೆ ಅಂತ ಯಾರೋ ಹೇಳಿದರಂತೆ, ಮೊಸರನ್ನದ ಡಬ್ಬಿ ಹಿಡಿದುಕೊಂಡು ಒಳಗೆ ಹೋಗಿ ಕೂತರಂತೆ. ಅಲ್ಲಿ ನಾಲ್ಕು ಜನ, ವಾದ್ಯ ಇಲ್ಲ, ತಾಳ ಹಾಕುವವರಿಲ್ಲ, ಮುಂದೆ ನಿಂತು ಕೈಬೀಸುವವರಿಲ್ಲ, ನಾಲ್ಕು ಬೇರೆ ಬೇರೆ ಹಾಡನ್ನು ಒಟ್ಟಿಗೆ ಹಾಡುತ್ತಿದ್ದರಂತೆ. ಅವತ್ತು ಡಬ್ಬಿ ಹಾಗೇ ವಾಪಸು ಬಂತು. ಅಮ್ಮ ಹುಷಾರಿಲ್ಲವಾ ಅಂತ ಹಣೆ ಮುಟ್ಟಿ ನೋಡಿದಳು. ನಮ್ಮಲ್ಲಿ ಒಬ್ಬರು ಹಾಡುತ್ತಾರೆ, ಉಳಿದವರು ಅವರ ಹಿಂದೆ ಹೋಗುತ್ತಾರೆ. ಅಲ್ಲಿ ಯಾರೂ ಯಾರ ಹಿಂದೆಯೂ ಇರಲಿಲ್ಲ ಕಣೇ ಅಂತ ಅಪ್ಪ ಊಟದ ಹೊತ್ತಿನಲ್ಲಿ ಅದನ್ನೇ ಹೇಳಿದರು, ಮಲಗುವಾಗಲೂ ಅದನ್ನೇ ಹೇಳಿದರು. ಆಮೇಲೆ ಫಾಸ್ಟರ್ ಸಿಟಿಯಲ್ಲಿ ನೀರಿನ ದಂಡೆಯ ಮನೆಯಲ್ಲಿದ್ದ ಮಾರ್ಗರೆಟ್ ಅನ್ನುವ ವಯಸ್ಸಾದ ಹೆಂಗಸಿನ ಪರಿಚಯವಾಯಿತು. ಆಕೆ ಹಳೆಯ ಸಂಗೀತದ ಒಂದು ಸಣ್ಣ ಗುಂಪು ನಡೆಸುತ್ತಿದ್ದರು. ಅಲ್ಲಿಂದ ನಮ್ಮ ಮನೆಗೆ ವಾದ್ಯಗಳು ಬರತೊಡಗಿದವು.

ಮೊದಲು ಬಂದವು ರೆಕಾರ್ಡರುಗಳು, ನೆಟ್ಟಗೆ ಹಿಡಿದು ಊದುವ ಮರದ ಕೊಳಲುಗಳು. ಗೇಣುದ್ದದ್ದು ಸೊಪ್ರಾನೊ, ಅದಕ್ಕಿಂತ ದೊಡ್ಡದು ಆಲ್ಟೊ, ಆಮೇಲೆ ಟೆನರ್, ಎಲ್ಲಕ್ಕಿಂತ ಉದ್ದದ್ದು ಬಾಸ್. ಮನುಷ್ಯರ ದನಿಗೆ ಇರುವ ಹೆಸರುಗಳೇ ಇವಕ್ಕೂ; ಆ ಕಾಲದವರು ವಾದ್ಯಗಳನ್ನು ಮನೆಮಂದಿಯ ಹಾಗೆ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಮಾಡುತ್ತಿದ್ದರು ಅಂತ ಅಪ್ಪ ವಿವರಿಸಿದರು. ಅಮ್ಮ ಅವೆಲ್ಲಕ್ಕೂ ಒಟ್ಟಾಗಿ ಪೀಪಿ ಅನ್ನುತ್ತಿದ್ದಳು. ನನ್ನ ಅಣ್ಣ ರವಿಗೆ ಆಗಷ್ಟೇ ಗಂಟಲು ಒಡೆದು, ಹಾಡಲು ಹೋದರೆ ದನಿ ಮೂರು ದಿಕ್ಕಿಗೆ ಓಡುತ್ತಿದ್ದ ಕಾಲ. ಅವನಿಗೆ ಆಲ್ಟೊ ಪೀಪಿ ಸಿಕ್ಕಿತು. ಆಮೇಲೆ ಬಂದದ್ದು ವಯೋಲ್. ನೋಡಲು ಪಿಟೀಲಿನ ದೊಡ್ಡಪ್ಪನಂತಿದ್ದರೂ ಅದನ್ನು ಕಾಲುಗಳ ನಡುವೆ ಹಿಡಿದು ಬಾರಿಸಬೇಕು, ವೀಣೆಗೆ ಮೆಟ್ಟಿಲಿದ್ದ ಹಾಗೆ ಅದರ ಕುತ್ತಿಗೆಗೆ ಸುತ್ತಲೂ ದಾರ ಕಟ್ಟಿರುತ್ತದೆ. ಆ ದಾರ, ಆ ತಂತಿ ಎಲ್ಲ ಕುರಿಯ ಕರುಳಿನದು ಅಂತ ಅಪ್ಪ ಸಂಭ್ರಮದಿಂದ ಹೇಳಿಬಿಟ್ಟರು. ದೇವರ ಗೂಡು ಹಾಲ್‌ನ ಗೋಡೆಗೇ ಇತ್ತು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಆ ವಾದ್ಯವನ್ನೂ ಅಪ್ಪನನ್ನೂ ಒಂದೇ ನೋಟದಲ್ಲಿ ನೋಡಿದಳು. ಆ ಜಗಳ ಒಂದು ವಾರ ನಡೆಯಿತು. ಕೊನೆಗೆ ವಯೋಲ್ ಗ್ಯಾರೇಜಿನ ಬಾಗಿಲು ದಾಟಿ ಒಳಗೆ ಬರಕೂಡದು, ಕರುಳು ಚರ್ಮ ಏನಿದ್ದರೂ ಆ ಬಾಗಿಲಿನ ಆಚೆ ಅಂತ ಕಾನೂನಾಯಿತು. ಅಪ್ಪ ಗ್ಯಾರೇಜಿನ ಸೋಫಾದ ಮೇಲೆ ಕೂತು ಒಬ್ಬರೇ ಕುಯ್ಯುತ್ತಿದ್ದರು.

ಅಮ್ಮನಿಗೆ ಅಪ್ಪನ ಈ ಸಂಗೀತ ಒಗ್ಗಿದ್ದಕ್ಕೆ ಕಾರಣ ಬೇರೆ. ಅಮ್ಮನದು ತಗ್ಗು ದನಿ. ಮಂಡ್ಯದಲ್ಲಿ ಹುಡುಗಿಯಾಗಿದ್ದಾಗ ಪಾಠಕ್ಕೆ ಹೋದ ಮೂರನೆಯ ದಿನವೇ ಮೇಷ್ಟ್ರು, ಈ ಮಗುವಿನದು ಗಂಡು ಗಂಟಲು, ಬೇರೆ ಏನಾದರೂ ಕಲಿಸಿ ಅಂದರಂತೆ. ಮದುವೆಮನೆಗಳಲ್ಲಿ ಹೆಂಗಸರು ಆರತಿ ಹಾಡು ಎತ್ತಿದರೆ ಅಮ್ಮನಿಗೆ ಆ ಎತ್ತರಕ್ಕೆ ಹೋಗಲು ಆಗುತ್ತಿರಲಿಲ್ಲ, ತುಟಿ ಆಡಿಸಿಕೊಂಡು ನಿಲ್ಲುತ್ತಿದ್ದಳು. ಇಲ್ಲಿಗೆ ಬಂದಮೇಲೆ ಭಜನೆಗಳಲ್ಲೂ ಅದೇ ಕಥೆ. ಅವಳು ಬಾಯಿತುಂಬ ಹಾಡುತ್ತಿದ್ದದ್ದು ಎರಡೇ ಜಾಗದಲ್ಲಿ: ಕೆಲಸ ಮಾಡುತ್ತಿದ್ದ ಡೇಕೇರಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವಾಗ, ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ದೀಪ ಹಚ್ಚಿದಾಗ. ಒಂದು ಶುಕ್ರವಾರ ಅಪ್ಪನ ಜೊತೆ ಮನೆಗೆ ಬಂದ ಮಾರ್ಗರೆಟ್ ಬಾಗಿಲಲ್ಲೇ ನಿಂತು ಅದನ್ನು ಪೂರ್ತಿ ಕೇಳಿದರು. ಕಾಫಿ ಕುಡಿಯುತ್ತಾ ಅಪ್ಪನಿಗೆ ಹೇಳಿದ್ದು ಒಂದೇ ಮಾತು: ನೀನು ಊರೆಲ್ಲ ಹುಡುಕುತ್ತಿದ್ದ ಟೆನರ್ ನಿನ್ನ ಮನೆಯಲ್ಲೇ ಇದೆ.

ಟೆನರ್ ಅಂದರೆ ಈಗ ಗಂಡಸರ ಎತ್ತರದ ದನಿ. ಆದರೆ ಮಧ್ಯಯುಗದಲ್ಲಿ ಅದರ ಅರ್ಥ ಹಿಡಿದುಕೊಂಡಿರುವುದು ಅಂತ. ಚರ್ಚಿನ ಹಳೆಯ ಹಾಡೊಂದರ ಸಾಲನ್ನು ತೆಗೆದುಕೊಂಡು, ಅದರ ಒಂದೊಂದು ಸ್ವರವನ್ನೂ ಎಳೆದು ಎಳೆದು ಒಬ್ಬರು ಕೆಳಗೆ ಹಿಡಿದಿರುತ್ತಾರೆ. ಅದರ ಮೇಲೆ ಎರಡನೆಯ ದನಿ ಓಡಾಡುತ್ತದೆ, ಅದರ ಮೇಲೆ ಮೂರನೆಯದು ಇನ್ನೂ ಚುರುಕಾಗಿ ಓಡುತ್ತದೆ. ಕೇಳುವವರು ಮೇಲಿನದನ್ನು ಕೇಳಿ ತಲೆದೂಗುತ್ತಾರೆ. ಕೆಳಗಿನದು ತಂಬೂರಿಯ ಹಾಗೆ ಕೇಳುತ್ತದೆ. ತಂಬೂರಿ ಅಲ್ಲ, ಯಾಕೆಂದರೆ ಅದು ನಿಧಾನವಾಗಿ ಜಾಗ ಬದಲಿಸುತ್ತದೆ, ಬದಲಿಸಿದಾಗ ಮೇಲಿನವರೆಲ್ಲ ಅದರ ಜೊತೆ ಬದಲಿಸಬೇಕು. ಇನ್ನೂರು ಮುನ್ನೂರು ವರ್ಷ ಕಳೆದ ಮೇಲೆ, ರಿನೈಸಾನ್ಸ್ ಅನ್ನುವ ಕಾಲಕ್ಕೆ, ನಾಲ್ಕೂ ದನಿಗಳು ಸರಿಸಮವಾದವು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೇಳುವ ಹಾಗಾಯಿತು. ಅಪ್ಪನಿಗೆ ಅದೂ ಇಷ್ಟವೇ. ಅಮ್ಮನಿಗೆ ಮಾತ್ರ ಹಳೆಯದೇ ಬೇಕು. ಎಲ್ಲರೂ ಮಾತಾಡಿದರೆ ಹಿಡಿಯೋರು ಯಾರು ಅಂತ ಕೇಳುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಅವಳ ಗಂಟಲಿಗೆ ಅಂತಲೇ ಒಂದು ಜಾಗ ಸಿಕ್ಕಿತ್ತು, ಅದನ್ನು ಅವಳು ಬಿಟ್ಟುಕೊಡುವವಳಲ್ಲ.

ಭಾನುವಾರ ಸಂಜೆ ದೇವರಿಗೆ ದೀಪ ಹಚ್ಚಿ, ಸಾರು ಕುದಿಸಿ ಇಳಿಸಿ, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಸ್ಟ್ಯಾಂಡಿನ ಎಡಗಡೆ ನಿಲ್ಲುತ್ತಿದ್ದಳು. ಅವಳ ಹಿಂದೆ ಅಪ್ಪ. ಮುಂದೆ ನಾನು, ನನ್ನ ಪಕ್ಕ ಅಣ್ಣ. ಹಳೆಯ ಚಿತ್ರಗಳಲ್ಲಿ ಹಾಡುವವರು ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟಿರುತ್ತಾರಂತೆ, ಎದೆಬಡಿತದ ವೇಗದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಲೆಕ್ಕ ದಾಟಿಸುತ್ತಾರಂತೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ಅಪ್ಪನ ಕೈ ಅಮ್ಮನ ಭುಜದ ಮೇಲೆ, ಅಮ್ಮನದು ನನ್ನ ಭುಜದ ಮೇಲೆ. ನಮ್ಮದು ಮುಟ್ಟಿ ಮಾತಾಡಿಸುವ ಮನೆಯಲ್ಲ. ಅಪ್ಪ ಅಮ್ಮ ಒಬ್ಬರ ಕೈ ಒಬ್ಬರು ಹಿಡಿದದ್ದನ್ನೂ ನಾನು ಕಂಡಿರಲಿಲ್ಲ. ಹಾಗಾಗಿ ಆ ಸಂಜೆಗಳಲ್ಲಿ ಅಪ್ಪನ ಬೆರಳು ಅಮ್ಮನ ಮೂಲಕ ನನಗೆ ತಲುಪುತ್ತಿದ್ದಾಗ, ಬೆನ್ನ ಹಿಂದೆ ಅಮ್ಮನ ದನಿ ನನ್ನ ಪಕ್ಕೆಲುಬಿಗೆ ತಾಗುತ್ತಿದ್ದಾಗ, ನನಗೆ ಯಾವ ಭಯವೂ ಇರುತ್ತಿರಲಿಲ್ಲ. ಆ ದನಿ ಕೆಳಗಿದ್ದರೆ ನಾನು ಮೇಲೆ ಎಲ್ಲಿಗೆ ಬೇಕಾದರೂ ಹೋಗಿಬರಬಹುದಿತ್ತು. ತಪ್ಪಿದರೆ ಅಮ್ಮ ತನ್ನ ಸ್ವರವನ್ನು ಇನ್ನಷ್ಟು ಹೊತ್ತು ಹಿಡಿದು, ನಾನು ವಾಪಸು ಬರುವವರೆಗೆ ಕಾಯುತ್ತಿದ್ದಳು. ಅಪ್ಪನಿಗೆ ಇದು ಲೆಕ್ಕಕ್ಕೆ ವಿರುದ್ಧ ಅಂತ ಸಿಟ್ಟು. ಅಮ್ಮ ಕೇಳುತ್ತಿರಲಿಲ್ಲ.

ಒಂದು ಚಳಿಗಾಲ ಅಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್. ತೆಗೆಸಿದರು, ಕೆಟ್ಟದ್ದೇನೂ ಅಲ್ಲ ಅಂತ ರಿಪೋರ್ಟು ಬಂತು, ಅಪ್ಪ ದೇವರಿಗೆ ತೆಂಗಿನಕಾಯಿ ಒಡೆದರು. ಆದರೆ ದನಿಯ ನರಕ್ಕೆ ಪೆಟ್ಟಾಗಿತ್ತು. ಇಂಥ ಕಡೆ ಕತ್ತರಿಸಿದಾಗ ಕೆಲವರಿಗೆ ಹಾಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮನೆಗೆ ಬಂದ ಅಮ್ಮನ ಬಾಯಲ್ಲಿ ಇದ್ದದ್ದು ಪಿಸುಮಾತು. ಊಟಕ್ಕೆ ಕರೆಯಲು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಡೇಕೇರಿನವರು ಅವಳನ್ನು ಅಡುಗೆಮನೆಯ ಕೆಲಸಕ್ಕೆ ಹಾಕಿದರು. ದನಿಗೆ ಕಸರತ್ತು ಕಲಿಸುವ ಒಬ್ಬ ಹುಡುಗಿಯ ಹತ್ತಿರ ವಾರಕ್ಕೊಮ್ಮೆ ಹೋಗಬೇಕಿತ್ತು. ನರ ನಿಧಾನವಾಗಿ ಎಚ್ಚರಾಗುತ್ತದೆ, ಅಭ್ಯಾಸ ಬಿಡಬೇಡಿ, ಬಳಸದೆ ಬಿಟ್ಟರೆ ಮಾತ್ರ ಬರುವುದಿಲ್ಲ ಅಂತ ಆಕೆ ಹೇಳಿದ್ದು ನನ್ನ ಮುಂದೆಯೇ. ಅಮ್ಮನ ಇಂಗ್ಲಿಷು ಪಿಸುಮಾತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ನಾನೇ ಅವಳ ಬಾಯಾಗಿ ಜೊತೆಗೆ ಹೋಗುತ್ತಿದ್ದೆ.

ಅದೇ ಹೊತ್ತಿಗೆ ಮಾರ್ಗರೆಟ್ ಅವರ ಗುಂಪು ವಸಂತದಲ್ಲಿ ಒಂದು ಕಛೇರಿ ಗೊತ್ತು ಮಾಡಿತ್ತು, ಅದರಲ್ಲಿ ನಮ್ಮ ಮನೆಯವರದ್ದೇ ಒಂದು ಹಾಡು ಇತ್ತು. ಟೆನರ್ ಇಲ್ಲದೆ ಅದು ನಿಲ್ಲುವ ಹಾಗಿರಲಿಲ್ಲ. ಅಪ್ಪ ಬೇರೆ ಯಾರನ್ನಾದರೂ ಕರೆತರಬಹುದಿತ್ತು. ತರಲಿಲ್ಲ, ಅದು ಅಮ್ಮನ ಜಾಗ ಅಂತ ಅವರಿಗೆ ಗೊತ್ತಿತ್ತು. ಅವರಿಗೆ ಹೊಳೆದದ್ದು ಇನ್ನೊಂದು. ಆ ಕಾಲದಲ್ಲಿ ಹಾಡುವವರಿಲ್ಲದಿದ್ದರೆ ಟೆನರನ್ನು ವಾದ್ಯದಲ್ಲಿ ಹಿಡಿಯುತ್ತಿದ್ದರು ಅಂತ ಅವರು ಓದಿದ್ದರು. ಗ್ಯಾರೇಜಿನಲ್ಲಿ ಒಂದು ಪುಟ್ಟ ಆರ್ಗನ್ ಕಟ್ಟಲು ಶುರುಮಾಡಿದರು, ಊಟದ ಮೇಜಿನ ಮೇಲೆ ಇಡುವಂಥದ್ದು. ಸಾಲಾಗಿ ಮರದ ಕೊಳವೆಗಳು, ಮುಂದೆ ಕೀಲಿಮಣೆ, ಹಿಂದೆ ಗಾಳಿ ತುಂಬಲು ಎರಡು ತಿದಿ. ಒಂದು ತಿದಿ ಖಾಲಿಯಾಗುವಷ್ಟರಲ್ಲಿ ಇನ್ನೊಂದು ತುಂಬಿರಬೇಕು, ಅದಕ್ಕೆ ಇನ್ನೊಬ್ಬರು ಬೇಕು, ಆ ಕೆಲಸ ಅಣ್ಣನಿಗೆ. ಮೇಲ್ತುದಿ ಮುಚ್ಚಿದ ಕೊಳವೆ ಅರ್ಧ ಉದ್ದದಲ್ಲೇ ಅಷ್ಟೇ ತಗ್ಗಿನ ಸ್ವರ ಕೊಡುತ್ತದೆ ಅಂತ ಅಪ್ಪ ನನಗೆ ತೋರಿಸಿದರು. ಆಫೀಸಿನಿಂದ ಬಂದವರೇ ಷರ್ಟು ಕಳಚಿ ಗ್ಯಾರೇಜಿಗೆ ಇಳಿಯುತ್ತಿದ್ದರು. ಮರದ ಪುಡಿ, ಅಂಟು, ತಿದಿಯ ಆಡಿನ ಚರ್ಮದ ವಾಸನೆ. ಅಮ್ಮ ಬಾಗಿಲಿನ ಈಚೆ ನಿಂತು ಕಾಫಿ ಲೋಟ ಚಾಚುತ್ತಿದ್ದಳು. ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ, ನಿನಗೇ, ಮುಗಿದ ಮೇಲೆ ನೋಡು ಅನ್ನುತ್ತಿದ್ದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

ಅಮ್ಮ ತನ್ನ ಅಭ್ಯಾಸವನ್ನು ಕಾರಿನಲ್ಲಿ ಮಾಡುತ್ತಿದ್ದಳು. ಮನೆಯಲ್ಲಿ ಮಾಡಲು ಅವಳಿಗೆ ನಾಚಿಕೆ. ಶನಿವಾರ ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಗೆ ಹೋದಾಗ, ಸಾಮಾನೆಲ್ಲ ಹಿಂದೆ ಇಟ್ಟು, ಕಾರಿನ ಕಿಟಕಿ ಏರಿಸಿ, ಪಾರ್ಕಿಂಗಿನಲ್ಲೇ ಕೂತು ಶುರುಮಾಡುತ್ತಿದ್ದಳು. ಮೊದಲು ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಊದುವುದು. ಆಮೇಲೆ ತುಟಿ ಮುಚ್ಚಿ ಮ್ ಅನ್ನುವುದು. ಮೊದಮೊದಲು ಹರಿದ ಕಾಗದಕ್ಕೆ ಗಾಳಿ ಬಡಿದಂಥ ಸದ್ದು. ನಾನು ಪಕ್ಕದಲ್ಲಿ ಕೂತು ಕರಿಬೇವಿನ ಎಲೆ ಬಿಡಿಸುತ್ತಿದ್ದೆ, ಅವಳ ಕಡೆ ನೋಡುತ್ತಿರಲಿಲ್ಲ. ಒಂದು ಶನಿವಾರ ಆ ಗಾಳಿಯ ಒಳಗೆ ಸಣ್ಣದಾಗಿ ಏನೋ ಹುಟ್ಟಿತು. ಅಮ್ಮ ಬೆಚ್ಚಿ ನಿಲ್ಲಿಸಿದಳು. ಮತ್ತೆ ಅಂದಳು. ಮುಂದಿನ ವಾರಗಳಲ್ಲಿ ಅದು ಗಟ್ಟಿಯಾಯಿತು, ನಮ್ಮ ಹಾಡಿನ ಟೆನರಿನ ಮೊದಲ ಸ್ವರವಾಯಿತು, ಅಲ್ಲಿಂದ ಇಳಿದು ಎರಡನೆಯದಾಯಿತು. ಮೊದಲಿನ ದನಿ ಅಲ್ಲ. ಅಂಚು ಒರಟಾಗಿತ್ತು, ಒಮ್ಮೊಮ್ಮೆ ನಡುವೆ ಕಡಿಯುತ್ತಿತ್ತು. ಆದರೆ ನಿಂತ ಜಾಗ ಅದೇ. ಕಣ್ಣೀರು ಒರೆಸಿಕೊಂಡು ಅಮ್ಮ ನನಗೆ ಹೇಳಿದಳು:

"ಅಪ್ಪಂಗೆ ಭಾನುವಾರ ನಾನೇ ಹಾಡಿ ತೋರಿಸ್ತೀನಿ. ಮೂರು ಸಾಲು ಬಂದ್ರೆ ಸಾಕು, ಮಿಕ್ಕಿದ್ದು ಕಛೇರಿ ಹೊತ್ತಿಗೆ ಬರತ್ತೆ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವತ್ತು ರಾತ್ರಿಯ ಊಟಕ್ಕೆ ಮೊದಲೇ ಗ್ಯಾರೇಜಿಗೆ ಓಡಿ ಅಪ್ಪನಿಗೆ ಹೇಳಿದೆ. ಅಮ್ಮನ ದನಿ ಬಂದಿದೆ, ನಾನು ಕೇಳಿದೆ, ಟೆನರ್ ಹಾಡುತ್ತಾಳಂತೆ ಅಂತ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ತಿದಿಯ ಮಡಿಕೆಗೆ ಚರ್ಮ ಅಂಟಿಸುತ್ತಿದ್ದರು, ಅಂಟು ಆರುವ ಮೊದಲು ಕೈ ತೆಗೆಯುವ ಹಾಗಿರಲಿಲ್ಲ. ತಲೆಯೆತ್ತಿ ನಕ್ಕರು. ಸಂತೋಷವೇ ಆಗಿತ್ತು ಅವರಿಗೆ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

"ಒಳ್ಳೇದಾಯ್ತು ಪುಟ್ಟಿ. ಆದ್ರೆ ಈಗ್ಲೇ ಗಂಟಲಿಗೆ ಸ್ಟ್ರೇನ್ ಕೊಡೋದ್ ಬೇಡ, ಪಾಪ. ಈ ಸಲ ರೆಸ್ಟ್ ಮಾಡ್ಲಿ. ಮುಂದಿನ ಸಲ ಅವಳೇ ಹಾಡ್ತಾಳೆ."

ಭಾನುವಾರ ಅಮ್ಮ ಬೆಳಗ್ಗೆಯಿಂದ ಬಿಸಿನೀರಿಗೆ ಕಾಳುಮೆಣಸಿನ ಪುಡಿ ಹಾಕಿಕೊಂಡು ಕುಡಿದಳು. ಯಾರ ಜೊತೆಗೂ ಮಾತಾಡಲಿಲ್ಲ, ದನಿಯನ್ನು ಉಳಿಸಿಕೊಳ್ಳುತ್ತಿದ್ದಳು. ಸಂಜೆ ತಲೆ ಬಾಚಿ ಹಸಿರು ಅಂಚಿನ ಸೀರೆ ಉಟ್ಟು ಹಾಲ್‌ಗೆ ಬಂದಾಗ ಊಟದ ಮೇಜನ್ನು ಸ್ಟ್ಯಾಂಡಿನ ಎಡಕ್ಕೆ ಎಳೆದಿಟ್ಟಿದ್ದರು. ಮೇಜಿನ ಮೇಲೆ ಬೆಡ್‌ಶೀಟು ಹೊದಿಸಿದ ಏನೋ ಇತ್ತು. ಚರ್ಮದ್ದು ಗ್ಯಾರೇಜಿನ ಬಾಗಿಲು ದಾಟಿ ಒಳಗೆ ಬಂದಿತ್ತು, ದೇವರ ಗೂಡಿನ ಎದುರಿಗೇ. ಅಮ್ಮ ಅದನ್ನು ಗಮನಿಸಿದಳು. ತನ್ನ ಜಾಗ ಎಲ್ಲಿ ಅಂತ ನೋಡಿದಳು, ಅಲ್ಲಿ ಮೇಜಿತ್ತು, ಹಾಗಾಗಿ ಅದರ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಳು. ಅಪ್ಪ ಬೆಡ್‌ಶೀಟು ಎಳೆದರು. ಕೊಳವೆಗಳು ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಿದ್ದವು. ಅಣ್ಣ ಹಿಂದೆ ನಿಂತು ತಿದಿ ಎತ್ತಿ ಇಳಿಸತೊಡಗಿದ. ಅಪ್ಪ ಅಮ್ಮನ ಕಡೆ ತಿರುಗಿದರು.

"ಇನ್ನು ನೀನು ಕಷ್ಟಪಡೋದು ಬೇಡ ಶಾರದಾ. ನಿನ್ನ ಪಾರ್ಟ್ ಇದು ನೋಡ್ಕೊಳ್ಳತ್ತೆ."

ಆಮೇಲೆ ಅಮ್ಮನ ಮೊದಲ ಸ್ವರವನ್ನು ಒತ್ತಿದರು. ಸುಳ್ಳು ಹೇಳುವುದಿಲ್ಲ, ಅದು ಚೆನ್ನಾಗಿತ್ತು. ಬೆಚ್ಚಗೆ, ದುಂಡಗೆ ಇತ್ತು, ಎಲ್ಲೂ ಒರಟಿಲ್ಲ, ಎಲ್ಲೂ ಉಸಿರಿಗೆ ನಿಲ್ಲುವುದಿಲ್ಲ. ಅಪ್ಪ ಬಲಗೈಯಲ್ಲಿ ಟೆನರ್ ಬಾರಿಸುತ್ತಾ ಬಾಯಲ್ಲಿ ಎರಡನೆಯ ದನಿ ಹಾಡಿದರು, ಎಡಗೈಯಿಂದ ಗಾಳಿಯಲ್ಲಿ ಲೆಕ್ಕ ಹಾಕಿದರು. ನಾನು ಮೇಲಿನದನ್ನು ಹಾಡಬೇಕಿತ್ತು, ಹಾಡಿದೆ. ನಡುವೆ ಒಂದು ಕಡೆ ತಪ್ಪಿದೆ. ಆರ್ಗನ್ ನನಗಾಗಿ ಕಾಯಲಿಲ್ಲ. ಅಮ್ಮ ಬಾಯಿ ಸ್ವಲ್ಪ ತೆರೆದುಕೊಂಡೇ ನಿಂತಿದ್ದಳು, ಹಾಡಲು ಉಸಿರು ತೆಗೆದುಕೊಂಡವರ ಹಾಗೆ, ಮತ್ತು ಆ ಉಸಿರನ್ನು ಎಲ್ಲಿ ಇಡಬೇಕೋ ತಿಳಿಯದವರ ಹಾಗೆ. ಹಾಡು ಮುಗಿಯುವವರೆಗೂ ಕದಲಲಿಲ್ಲ. ಮುಗಿದ ಮೇಲೆ ಅಪ್ಪ ಹೇಗಿದೆ ಅಂದರು. ಅಣ್ಣ ಬೆವರು ಒರೆಸಿಕೊಳ್ಳುತ್ತಾ ಇಟ್ಸ್ ಸೋ ಕೂಲ್ ಅಪ್ಪ ಅಂದ. ಅಮ್ಮ ಚೆನ್ನಾಗಿದೆ ಅಂತ ಪಿಸುಗುಟ್ಟಿ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಅಪ್ಪನಿಗೆ ಹೇಳು ಅಂತ ಅವಳ ಸೆರಗು ಜಗ್ಗಿದೆ. ಹಪ್ಪಳ ಕರಿಯುತ್ತಿದ್ದವಳು ತಿರುಗಲೂ ಇಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದಾರೆ, ಏನಂತ ಹೇಳಲಿ ಅಂದಳು.

ಕಛೇರಿಗೆ ಅಮ್ಮ ಹಾಡುವವರಿಗೆಲ್ಲ ಪುಳಿಯೋಗರೆ ಕಟ್ಟಿಕೊಂಡು ಬಂದಳು. ಚರ್ಚಿನಲ್ಲಿ ಜನರ ನಡುವೆ ಕೂತು ಕೇಳಿದಳು. ಎಲ್ಲ ಮುಗಿದ ಮೇಲೆ ಜನ ಆರ್ಗನ್ನಿನ ಸುತ್ತ ಮುತ್ತಿಕೊಂಡು ಕೊಳವೆಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಅಪ್ಪ ಮದುವಣಿಗನ ಹಾಗೆ ನಿಂತಿದ್ದರು. ಮಾರ್ಗರೆಟ್ ಒಬ್ಬರೇ ಅಮ್ಮನ ಹತ್ತಿರ ಹೋಗಿ ಕೈ ಹಿಡಿದು, ಯಾವಾಗ ವಾಪಸು ಬರುತ್ತೀಯ ಅಂತ ಕೇಳಿದರು. ಅಮ್ಮ ನಕ್ಕು ಪುಳಿಯೋಗರೆ ಬಡಿಸಿದಳು. ಆ ವರ್ಷವೇ ಮಾರ್ಗರೆಟ್ ತೀರಿಕೊಂಡರು, ಅವರು ಇನ್ನೊಂದು ಸಲ ಕೇಳಿದ್ದರೆ ಏನಾಗುತ್ತಿತ್ತೋ ಅಂತ ಯೋಚಿಸಿ ಯೋಚಿಸಿ ನನಗೇ ಸಾಕಾಗಿದೆ.

ಮುಂದಿನ ಸಲ ಬಂತು. ಅಪ್ಪ ಮಾತಿಗೆ ತಪ್ಪಲಿಲ್ಲ, ಹೊಸ ಹಾಡಿನ ಹಾಳೆ ತಂದು ಅಮ್ಮನನ್ನು ಕರೆದರು. ಆಗಲ್ಲ ರೀ, ಬಿಡಿ ಅಂದಳು. ಆಮೇಲೆ ಕರೆದಾಗಲೂ ಅದೇ. ಶನಿವಾರ ಗ್ರೋಸರಿಯಿಂದ ಹೊರಗೆ ಬಂದವಳೇ ಕಾರು ಸ್ಟಾರ್ಟ್ ಮಾಡುತ್ತಿದ್ದಳು. ನೀರಿನ ಲೋಟ, ಸ್ಟ್ರಾ ಕಾರಿನ ಬಾಗಿಲಿನ ಗೂಡಿನಲ್ಲೇ ಧೂಳು ಹಿಡಿದವು. ಕಸರತ್ತು ಕಲಿಸುವ ಹುಡುಗಿಗೆ ಫೋನ್ ಮಾಡಿ ಇನ್ನು ಬರುವುದಿಲ್ಲ ಅಂತ ಹೇಳಿಸಿದಳು. ಹೇಳಿದ್ದು ನಾನೇ, ಅವಳ ಬಾಯಿ ನಾನಲ್ಲವೇ. ಆ ಹುಡುಗಿ ಮೂರು ನಾಲ್ಕು ಸಲ ಯಾಕೆ ಅಂತ ಕೇಳಿದಳು. ಅಮ್ಮನ ಮುಖ ನೋಡಿದೆ, ಅಮ್ಮ ತಲೆಯಾಡಿಸಿದಳು. ಶುಕ್ರವಾರ ದೀಪ ಹಚ್ಚಿ ಸುಮ್ಮನೆ ಕೈಮುಗಿಯುತ್ತಿದ್ದಳು. ಪಾತ್ರೆ ತೊಳೆಯುವಾಗ ಗುನುಗುವುದೂ ನಿಂತಿತು. ಮನೆಯಲ್ಲಿ ಹೆಚ್ಚುಕಡಿಮೆ ಆದದ್ದು ಏನೂ ಇಲ್ಲ, ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಜಗಳ ಇರಲಿಲ್ಲ. ಕರುಳಿನ ತಂತಿಗೆ ಒಂದು ವಾರ ಜಗಳ ಆಡಿದವಳು ಇದಕ್ಕೆ ಒಂದು ಮಾತನ್ನೂ ಆಡಲಿಲ್ಲ. ಆ ಜಗಳವಾದರೂ ಬೇಕಿತ್ತು ಅಂತ ನನಗೆ ಹುಚ್ಚು ಹಿಡಿದಂತಾಗುತ್ತಿತ್ತು. ಅಣ್ಣ ಕಾಲೇಜಿಗೆ ಅಂತ ಹೊರಟ ಮೇಲೆ ತಿದಿ ಒತ್ತುವವರಿಲ್ಲದೆ ಆರ್ಗನ್ ಗ್ಯಾರೇಜಿಗೆ ವಾಪಸು ಹೋಯಿತು. ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, ನನ್ನ ಹೆಂಡತಿಯ ದನಿ ಎಂಥದಿತ್ತು ಗೊತ್ತಾ, ಆಪರೇಷನ್ನಿನಲ್ಲಿ ಹೋಗಿಬಿಟ್ಟಿತು ಅಂತ. ಹೇಳುವಾಗ ನಿಜವಾಗಿ ಕಣ್ಣು ತುಂಬುತ್ತಿತ್ತು. ನಾನು ಎದ್ದು ಹೋಗುತ್ತಿದ್ದೆ.

ಆ ಮನೆ ನನ್ನನ್ನು ಏನು ಮಾಡಿತು ಅಂತ ಕೇಳಿದರೆ ಇಷ್ಟೇ ಹೇಳಬಲ್ಲೆ. ಎಲ್ಲರಂತೆ ಓದಿ, ಎಲ್ಲರಂತೆ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ, ಈಗ ತಲೆ ನರೆತಿದೆ. ಯಾವ ಸಂಗೀತ ಕೇಳಿದರೂ ಮೇಲಿನ ದನಿ ನನಗೆ ಕೇಳಿಸುವುದೇ ಇಲ್ಲ, ಕೆಳಗೆ ಯಾರು ಹಿಡಿದಿದ್ದಾರೆ ಅಂತ ಹುಡುಕುತ್ತೇನೆ. ಮೀಟಿಂಗುಗಳಲ್ಲಿ ಮಾತಾಡದೆ ಕೂತವರ ಮುಖ ನೋಡುತ್ತೇನೆ. ನನಗೆ ಯಾರಾದರೂ ಪ್ರೀತಿಯಿಂದ, ನೀನು ಕಷ್ಟಪಡಬೇಡ, ನಾನು ನೋಡಿಕೊಳ್ಳುತ್ತೇನೆ ಅಂದರೆ ಮೈ ಉರಿಯುತ್ತದೆ. ಎರಡು ಒಳ್ಳೆಯ ಸಂಬಂಧಗಳು ಇದರಿಂದಲೇ ಹಾಳಾದವು. ಇದನ್ನು ತಿಳಿವಳಿಕೆ ಅಂತ ಕರೆಯುವವರು ಕರೆಯಲಿ. ಇದರಿಂದ ಅಮ್ಮನಿಗೆ ಒಂದು ಸ್ವರವೂ ವಾಪಸು ಬರಲಿಲ್ಲ.

ಈಗ ಅಪ್ಪ ಅಮ್ಮ ಮಾರ್ಗನ್ ಹಿಲ್‌ನಲ್ಲಿ ನನ್ನ ಜೊತೆಗಿದ್ದಾರೆ. ಅಪ್ಪನಿಗೆ ಕಿವಿ ಹೋಗಿದೆ. ಮಿಷನ್ನು ಹಾಕಿಕೊಂಡರೂ ಅಮ್ಮನ ಪಿಸುಮಾತು ಅವರಿಗೆ ತಲುಪುವುದಿಲ್ಲ, ಅದನ್ನು ನಾನು ಅವರ ಕಿವಿಯ ಹತ್ತಿರ ಕೂಗಿ ಹೇಳುತ್ತೇನೆ. ಅಪ್ಪ ಇತ್ತೀಚೆಗೆ ಹಳೆಯ ಹಾಡುಗಳನ್ನು ಹಾಕಿಸಿಕೊಂಡು ಸ್ಪೀಕರಿಗೆ ಅಂಗೈ ಒತ್ತಿ ಕೂರುತ್ತಾರೆ. ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಒಂದೇ ಒಂದು ಸ್ವರ ಹಿಡಿಯೇ, ಹೇಗೂ ನನಗೆ ಕೇಳಿಸಲ್ಲ, ನಿನಗೇನು ನಾಚಿಕೆ ಅಂತ ಅಮ್ಮನನ್ನು ಕೇಳಿದರು. ನಾನು ಅಮ್ಮ ಬಯ್ಯುತ್ತಾಳೆ ಅಂದುಕೊಂಡೆ. ಅಮ್ಮ ಬಯ್ಯಲಿಲ್ಲ. ಕೈ ತೊಳೆದುಕೊಂಡು ಬಂದಳು, ಅಪ್ಪನ ಎಡಗೈಯನ್ನು ತೆಗೆದುಕೊಂಡು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು, ಹಳೆಯ ಗಾಯದ ಗೆರೆಯ ಮೇಲೆಯೇ. ಕಣ್ಣು ಮುಚ್ಚಿದಳು. ಉಸಿರು ತೆಗೆದುಕೊಂಡಳು.

ಗಾಳಿ ಬಂತು. ಅಮ್ಮ ಮತ್ತೆ ಉಸಿರು ತೆಗೆದುಕೊಂಡು, ಕುತ್ತಿಗೆಯ ನರ ಉಬ್ಬುವ ಹಾಗೆ ಇನ್ನೊಂದು ಸಲ ಪ್ರಯತ್ನಪಟ್ಟಳು. ಬರೀ ಗಾಳಿ. ವಯಸ್ಸಿಗೆ ಹೋಯಿತೋ, ಬಳಸದೆ ಬಿಟ್ಟದ್ದಕ್ಕೆ ಹೋಯಿತೋ, ಅಲ್ಲಿ ಏನೂ ಉಳಿದಿರಲಿಲ್ಲ. ನಡುಗುವಂಥದ್ದು ಏನೂ ಇಲ್ಲ ಅಂತ ಅಪ್ಪನ ಅಂಗೈಗೆ ಗೊತ್ತಾದದ್ದು ನನಗೆ ಅವರ ಮುಖದಲ್ಲೇ ಕಂಡಿತು. ಅಮ್ಮ ಕಣ್ಣು ತೆರೆದಳು. ಅವರ ಕೈಯನ್ನು ಇಳಿಸಿ ಮೇಜಿನ ಮೇಲೆ ಇಟ್ಟಳು. ಆಮೇಲೆ ಇಷ್ಟು ವರ್ಷ ಆಡದಿದ್ದ ಮಾತನ್ನು ಆ ಪಿಸುದನಿಯಲ್ಲಿ ಆಡಿದಳು.

"ಆವತ್ತು ಇತ್ತು ರೀ."

ಅಪ್ಪ ನನ್ನ ಕಡೆ ನೋಡಿದರು, ಏನಂದಳು ಅಂತ. ನಾನು ಅವರ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದೆ, ಆವತ್ತು ದನಿ ಇತ್ತಂತೆ ಅಪ್ಪ.

"ಯಾವತ್ತು?" ಅಂದರು ಅಪ್ಪ.

ಅಮ್ಮ ಅಷ್ಟರಲ್ಲಿ ತನ್ನ ತಟ್ಟೆ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದ್ದಳು.